ಹೊಟ್ಟೆನೋವು ಎನ್ನುವ ಮಗು ಹೇಳುತ್ತಿರುವುದೇನು?

ಪ್ರಾಥಮಿಕ ಶಾಲೆಯ ಮಕ್ಕಳ ಮನಸ್ಸಿನ ಆರೋಗ್ಯ ಕುರಿತು



ನಿಮ್ಮಲ್ಲಿ ಅನೇಕರ ಮನೆಯಲ್ಲಿ ಒಂದನೆಯ ತರಗತಿಗೋ ಮೂರನೆಯ ತರಗತಿಗೋ ಹೋಗುವ ತಮ್ಮನೋ ತಂಗಿಯೋ ಇರಬಹುದು. ಇಲ್ಲದಿದ್ದರೆ ಪಕ್ಕದ ಮನೆಯಲ್ಲಾದರೂ ಅಂಥ ಒಂದು ಮಗು ಇದ್ದೇ ಇರುತ್ತದೆ. ಸೋಮವಾರ ಬೆಳಿಗ್ಗೆ ಅದು ಗಂಜಿಯ ಬಟ್ಟಲನ್ನು ದೂರ ಸರಿಸಿ 'ಹೊಟ್ಟೆನೋವು' ಎನ್ನುತ್ತದೆ. ತಾಯಿ ಓಮದ ನೀರು ಕುಡಿಸುತ್ತಾರೆ. ಶಾಲೆಯ ಗಂಟೆ ಹೊಡೆಯುವ ಹೊತ್ತು ದಾಟಿದ್ದೇ ತಡ, ಮಗು ಅಂಗಳದಲ್ಲಿ ಆಡುತ್ತಿರುತ್ತದೆ. ಭಾನುವಾರ ಈ ನೋವಿಲ್ಲ. ಬೇಸಿಗೆ ರಜೆಯಲ್ಲಂತೂ ಇಲ್ಲವೇ ಇಲ್ಲ. 'ಎಲ್ಲ ಕಳ್ಳಾಟ' ಎಂದು ಮನೆಯವರು ನಗುತ್ತಾರೆ, ಇಲ್ಲವೇ ಗದರುತ್ತಾರೆ.

ಬಹಳಷ್ಟು ಸಲ ಅದು ಕಳ್ಳಾಟವಲ್ಲ. ಆ ನೋವು ನಿಜವಾದದ್ದು. ಅದರ ಬೇರು ಹೊಟ್ಟೆಯಲ್ಲಿಲ್ಲ, ಮನಸ್ಸಿನಲ್ಲಿದೆ. ಮನಸ್ಸಿನಲ್ಲಿ ಅದು ಹುಟ್ಟಲು ಹೊರಗಿನ ಪ್ರಪಂಚದಲ್ಲಿ ಒಂದು ಕಾರಣ ಇರುತ್ತದೆ. ಆ ಕಾರಣವನ್ನು ಹುಡುಕುವುದು ಹೇಗೆ, ಅದರಲ್ಲಿ ಶಾಲೆಯ ಪಾತ್ರವೇನು, ನಿಮ್ಮ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

'ಮಾನಸಿಕ ಆರೋಗ್ಯ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ಹುಚ್ಚು, ಆಸ್ಪತ್ರೆ, ಮಾತ್ರೆ ಇವೇ ನೆನಪಾಗುತ್ತವೆ. ಆದರೆ ಕಾಯಿಲೆ ಇಲ್ಲದಿರುವುದಷ್ಟೇ ಆರೋಗ್ಯವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಏಳೆಂಟು ವರ್ಷದ ಮಗುವಿನ ಮಟ್ಟಿಗೆ ಇದನ್ನು ಬಹಳ ಸರಳವಾಗಿ ವಿವರಿಸಬಹುದು. ರಾತ್ರಿ ನೆಮ್ಮದಿಯಾಗಿ ನಿದ್ದೆ ಬರಬೇಕು. ಹಸಿವಾಗಬೇಕು. ಆಡಲು ಒಬ್ಬ ಗೆಳೆಯನೋ ಗೆಳತಿಯೋ ಬೇಕು. ಅತ್ತ ಮೇಲೆ ಸಮಾಧಾನಗೊಳ್ಳುವುದು ಸಾಧ್ಯವಾಗಬೇಕು. ತರಗತಿಯಲ್ಲಿ ಎದ್ದು ನಿಂತು 'ಟೀಚರ್, ನನಗಿದು ಅರ್ಥವಾಗಲಿಲ್ಲ' ಎನ್ನುವ ಧೈರ್ಯ ಇರಬೇಕು. ಈ ಐದೂ ಇದ್ದರೆ ಆ ಮಗುವಿನ ಮನಸ್ಸು ಬಹುಮಟ್ಟಿಗೆ ಆರೋಗ್ಯವಾಗಿದೆ ಎನ್ನಬಹುದು.

ಭಯವಾದರೆ ಹೊಟ್ಟೆ ಏಕೆ ನೋಯುತ್ತದೆ?

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಆಸಕ್ತಿಯ ವಿಷಯ. ಕತ್ತಲೆಯ ದಾರಿಯಲ್ಲಿ ಹಾವು ಕಂಡಿತೆಂದು ಇಟ್ಟುಕೊಳ್ಳಿ. ನೀವು ಯೋಚಿಸುವ ಮೊದಲೇ ಕಾಲು ಹಿಂದಕ್ಕೆ ಜಿಗಿದಿರುತ್ತದೆ. ಮಿದುಳಿನ ಒಳಭಾಗದಲ್ಲಿ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕಿದ ಕೂಡಲೇ ಅದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಹೈಪೊಥಲಾಮಸ್ ಆ ಸಂದೇಶವನ್ನು ಮುಂದಕ್ಕೆ ಕಳಿಸುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಓಡಲು ಬೇಕಾದ ರಕ್ತ ಜಠರ ಮತ್ತು ಕರುಳಿನ ಕಡೆಯಿಂದ ಕಾಲಿನ ಸ್ನಾಯುಗಳ ಕಡೆಗೆ ತಿರುಗುತ್ತದೆ. ಜೀರ್ಣಕ್ರಿಯೆ ಏರುಪೇರಾಗಿ ಹೊಟ್ಟೆ ಹಿಂಡಿದಂತಾಗುತ್ತದೆ. ಪರೀಕ್ಷೆಯ ದಿನ ಶೌಚಾಲಯಕ್ಕೆ ಓಡಿದ ಅನುಭವ ನಿಮಗೂ ಇರಬಹುದು, ಅದೂ ಇದೇ.

ಹಾವು ಹೋದರೆ ಭಯವೂ ಹೋಗುತ್ತದೆ. ಆದರೆ ಹೊಡೆಯುವ ಹುಡುಗನೋ ಹೀಯಾಳಿಸುವ ಮಾತೋ ಪ್ರತಿದಿನ ಕಾದಿದ್ದರೆ? ಆಗ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ದಿನಗಟ್ಟಲೆ ಏರುಪೇರಾಗಿಯೇ ಇರುತ್ತದೆ. ನಿದ್ದೆ ಕೆಡುತ್ತದೆ. ಗಮನ ನಿಲ್ಲುವುದಿಲ್ಲ. ಈಗ ಕೇಳಿದ್ದನ್ನು ಒಂದು ಕ್ಷಣ ತಲೆಯಲ್ಲಿ ಹಿಡಿದಿಟ್ಟುಕೊಂಡು ಲೆಕ್ಕ ಮಾಡುವ ಶಕ್ತಿ ಕುಗ್ಗುತ್ತದೆ. ಮನೆಯಲ್ಲಿ ಗಡಗಡನೆ ಹೇಳಿದ ಎಂಟರ ಮಗ್ಗಿ ತರಗತಿಯಲ್ಲಿ ಏಕೆ ಮರೆತುಹೋಗುತ್ತದೆ ಎಂಬುದಕ್ಕೆ ಇದು ಒಂದು ಉತ್ತರ. ಅದಕ್ಕಾಗಿ ಪೆಟ್ಟು ಬಿದ್ದರೆ ಭಯ ಇನ್ನೂ ಹೆಚ್ಚುತ್ತದೆ, ಮಗ್ಗಿ ಇನ್ನೂ ಮರೆಯುತ್ತದೆ.

ಇನ್ನೊಂದು ತೊಡಕೂ ಇದೆ. 'ನನಗೆ ಆತಂಕವಾಗಿದೆ', 'ನನಗೆ ಅವಮಾನವಾಯಿತು' ಎಂಬ ಮಾತುಗಳು ಆರೇಳು ವರ್ಷದ ಮಗುವಿನ ಬಾಯಲ್ಲಿ ಇನ್ನೂ ಸಿದ್ಧವಾಗಿರುವುದಿಲ್ಲ. ಅದರ ಬಳಿ ಇರುವುದು ಹೊಟ್ಟೆನೋವು, ತಲೆನೋವು, ಅಳು, ಹಟ, ಇಲ್ಲವೇ ಮೌನ. 'ನಾ ಶಾಲಿಗ್ ಹೋತಿಲ್ಲೆ' ಎಂದು ಕುಂದಾಪುರದ ಮಗು ಕಂಬ ತಬ್ಬಿಕೊಂಡು ನಿಂತಾಗ ಅದರ ಹಿಂದೆ ಇನ್ನೊಂದು ಮಾತು ಉಳಿದಿರುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಹಿರಿಯರ ಕೆಲಸ.

ವಂಡ್ಸೆಯಂಥ ಊರಿನ ಮಗು

ಕಾರಣಗಳು ಊರಿಂದ ಊರಿಗೆ ಬೇರೆಯಾಗುತ್ತವೆ. ಆದ್ದರಿಂದ ಒಂದು ಊರನ್ನೇ ಎದುರಿಗಿಟ್ಟುಕೊಂಡು ನೋಡೋಣ. ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ವಂಡ್ಸೆ ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿದೆ. ಚಕ್ರಾ ನದಿಯ ಸೀಮೆ. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಮನೆಗಳು ಸಾಲಾಗಿ ಒತ್ತಿಕೊಂಡಿರುವುದಿಲ್ಲ. ಗದ್ದೆಗೊಂದು, ತೋಟಕ್ಕೊಂದು, ಹಾಡಿಯ ಆಚೆಗೊಂದು ಎಂಬಂತೆ ಚದುರಿರುತ್ತವೆ. ಇಂಥ ಕಡೆ ಶಾಲೆಯೆಂದರೆ ಮಗುವಿಗೆ ಮೊದಲು ದಾರಿ, ಆಮೇಲೆ ಕಟ್ಟಡ.

ನಮ್ಮ ಶಾಲೆಗಳು ಆರಂಭವಾಗುವುದು ಮೇ ಕೊನೆ ಅಥವಾ ಜೂನ್ ಮೊದಲಿಗೆ. ಕರಾವಳಿಗೆ ಮುಂಗಾರು ಬಂದಿಳಿಯುವುದೂ ಆಗಲೇ. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹೀಗಾಗಿ ಇಲ್ಲಿನ ಆರು ವರ್ಷದ ಮಗು ತಾಯಿಯ ಸೆರಗು ಬಿಟ್ಟು ಮೊದಲ ಸಲ ಹೊರಡುವ ದಿನಗಳೇ ತೋಡು ಉಕ್ಕುವ ದಿನಗಳು. ಅಂಚಿನ ಮೇಲೆ ಜಾರಿಕೆ, ತಲೆಯ ಮೇಲೆ ಗುಡುಗು, ಹೊಳೆಗೆ ಅಡ್ಡಲಾಗಿ ಕಾಲುಸಂಕ. ಕಾಲುಸಂಕ ಎಂದರೇನೆಂದು ತಿಳಿಯದ ಓದುಗರಿಗಾಗಿ ಹೇಳುತ್ತೇನೆ: ಅಡಿಕೆ ಮರದ ಕಾಂಡಗಳನ್ನೋ ಹಲಗೆಗಳನ್ನೋ ಜೋಡಿಸಿ, ಹಿಡಿದುಕೊಳ್ಳಲು ಬಿದಿರೋ ಹಗ್ಗವೋ ಕಟ್ಟಿದ ಕಿರಿದಾದ ಸೇತುವೆ. ಅದನ್ನು ದಾಟಿ ಬಂದ ಮಗು ಒದ್ದೆ ಬಟ್ಟೆಯಲ್ಲೇ ಮಧ್ಯಾಹ್ನದವರೆಗೆ ಕುಳಿತಿರುತ್ತದೆ. ಸಂಜೆ ಅದನ್ನೇ ಮತ್ತೆ ದಾಟಬೇಕಲ್ಲ ಎಂಬ ಯೋಚನೆ ಪಾಠದ ನಡುವೆಯೂ ಅದರ ಜೊತೆಯಲ್ಲಿರುತ್ತದೆ.

ಈ ಭಯ ಸುಳ್ಳು ಭಯವಲ್ಲ. 2022ರ ಮಳೆಗಾಲದಲ್ಲಿ ನೆರೆಯ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರಿನಲ್ಲಿ ಕೊಚ್ಚಿಹೋದಳು. ಅಂಥ ಸುದ್ದಿಯನ್ನು ಮಕ್ಕಳೂ ಕೇಳಿರುತ್ತಾರೆ.

ಎರಡನೆಯ ಕಾರಣ ಭಾಷೆ. ಮನೆಯಲ್ಲಿ ಮಗು ಆಡುವುದು ಕುಂದಾಪ್ರ ಕನ್ನಡ. ಪುಸ್ತಕದಲ್ಲಿರುವುದು ಬೇರೆ ಕನ್ನಡ. ಈಚೆಗೆ ಅನೇಕ ಮಕ್ಕಳಿಗೆ ಮೊದಲ ದಿನದಿಂದಲೇ ಇಂಗ್ಲಿಷ್. ಮನೆಮಾತಿನಲ್ಲಿ ಉತ್ತರ ಹೇಳಿದ್ದಕ್ಕೆ ತರಗತಿ ನಕ್ಕರೆ, ಆ ಮಗು ಮುಂದಿನ ಸಲ ಉತ್ತರ ಗೊತ್ತಿದ್ದರೂ ಬಾಯಿ ತೆರೆಯುವುದಿಲ್ಲ. 'ಈ ಮಗು ಮಂಕು' ಎಂದು ನಾವು ಬರೆದಿಟ್ಟುಕೊಳ್ಳುತ್ತೇವೆ.

ಮೂರನೆಯದು ಮನೆಯ ಪರಿಸ್ಥಿತಿ. ಈ ಸೀಮೆಯ ಎಷ್ಟೋ ತಂದೆಯರು ಬೆಂಗಳೂರು, ಮುಂಬಯಿಗಳ ಹೋಟೆಲು, ಬೇಕರಿಗಳಲ್ಲಿ ದುಡಿಯುತ್ತಾರೆ. ಊರಿಗೆ ಬರುವುದು ಹಬ್ಬಕ್ಕೆ, ಜಾತ್ರೆಗೆ. ಯಕ್ಷಗಾನ ಮೇಳದ ಕಲಾವಿದರಾದರೆ ನವೆಂಬರಿನಿಂದ ಮೇವರೆಗೆ ತಿರುಗಾಟ. ರಾತ್ರಿಯೆಲ್ಲ ಆಟ, ಹಗಲು ನಿದ್ದೆ. ತಂದೆ ದೂರವಿದ್ದ ಮಾತ್ರಕ್ಕೆ ಮಗು ದುಃಖಿಯಾಗಿರುತ್ತದೆ ಎಂದಲ್ಲ. ಅಜ್ಜಿ, ದೊಡ್ಡಮ್ಮ, ಮಾವ ಎಂಬ ಬಳಗ ಅದನ್ನು ಚೆನ್ನಾಗಿಯೇ ಸಾಕಬಲ್ಲದು. ಆದರೆ ಮನೆಯಲ್ಲಿ ಕುಡಿತ, ಸಾಲ, ಜಗಳ ಅಥವಾ ಸಾವು ಸಂಭವಿಸಿದಾಗ ಮೊದಲು ಬದಲಾಗುವುದು ಮಗುವಿನ ಅಕ್ಷರ, ಆಟ ಮತ್ತು ಊಟ. ಕಣ್ಣಿಟ್ಟು ನೋಡುವ ಶಿಕ್ಷಕರಿಗೆ ಅದು ತಿಳಿಯುತ್ತದೆ.

ಎಷ್ಟು ಮಕ್ಕಳಿಗೆ ಈ ತೊಂದರೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ 16 ವರ್ಷದವರೆಗಿನ 2,064 ಮಕ್ಕಳನ್ನು ಪರಿಶೀಲಿಸಿ 2005ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಶೇಕಡಾ 12.5ರಷ್ಟು ಮಕ್ಕಳಲ್ಲಿ ಮನಸ್ಸಿಗೆ ಅಥವಾ ನಡವಳಿಕೆಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಕಂಡುಬಂದಿತ್ತು. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಐವರು. ಈ ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಹೆಚ್ಚಾಗಿ ಕಂಡ ತೊಂದರೆಗಳೆಂದರೆ ರಾತ್ರಿ ಹಾಸಿಗೆ ಒದ್ದೆ ಮಾಡುವುದು, ಯಾವುದೋ ಒಂದು ವಸ್ತು ಅಥವಾ ಸನ್ನಿವೇಶದ ವಿಪರೀತ ಭಯ, ಅತಿಯಾದ ಚಟುವಟಿಕೆ, ತೊದಲು ಮಾತು, ಹಟಮಾರಿತನ. ಇವುಗಳಲ್ಲಿ ಹೆಚ್ಚಿನವು ಸಮಯಕ್ಕೆ ಸರಿಯಾಗಿ ಗಮನ ಸಿಕ್ಕಿದರೆ ಸುಧಾರಿಸುವಂಥವು. ಮುಂದೆ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣ ಶೇಕಡಾ 7.3 ಎಂದು ಕಂಡುಬಂತು.

ಗಮನಿಸಿ: ತೊದಲುವ ಮಗುವನ್ನು ಅಣಕಿಸಿದರೆ ತೊದಲು ಹೆಚ್ಚುತ್ತದೆ. ಹಾಸಿಗೆ ಒದ್ದೆ ಮಾಡುವ ಮಗುವಿನ ಸುದ್ದಿಯನ್ನು ನಾಲ್ಕು ಜನರ ಮುಂದೆ ಹೇಳಿದರೆ ನಾಚಿಕೆ ಹೆಚ್ಚುತ್ತದೆ. ಇವು ಮಗು ಬೇಕೆಂದೇ ಮಾಡುವ ತಪ್ಪುಗಳಲ್ಲ. ಹಾಗೆಯೇ ಬುದ್ಧಿ ಚುರುಕಾಗಿದ್ದೂ ಓದುವುದು, ಬರೆಯುವುದು ಮಾತ್ರ ಕಷ್ಟವಾಗುವ ಡಿಸ್‌ಲೆಕ್ಸಿಯಾ ಎಂಬ ಕಲಿಕೆಯ ತೊಡಕು ಇದೆ. ಅದನ್ನು ಸೋಮಾರಿತನವೆಂದು ತಿಳಿದು ದಂಡಿಸುವುದು ಕನ್ನಡಕ ಬೇಕಾದವನಿಗೆ ಬೆತ್ತ ತೋರಿಸಿದಂತೆ.

ಒಬ್ಬರು ಸಾಕು

ಹವಾಯಿ ದ್ವೀಪಸಮೂಹದಲ್ಲಿ ಕವಾಯಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಮನೆಯ ಕಲಹ, ಪೋಷಕರ ಕಾಯಿಲೆ ಅಥವಾ ಕುಡಿತ ಇಂಥ ಹಲವು ಕಷ್ಟಗಳು ಒಟ್ಟಾಗಿ ಮುತ್ತಿದ್ದ ಮಕ್ಕಳ ಒಂದು ಗುಂಪು ಅವರಲ್ಲಿತ್ತು. ಆ ಗುಂಪಿನ ಸುಮಾರು ಮೂರನೆಯ ಒಂದು ಭಾಗ ಮಕ್ಕಳು ಇಷ್ಟೆಲ್ಲ ಕಷ್ಟಗಳ ನಡುವೆಯೂ ಸಮರ್ಥರೂ ಸಹೃದಯರೂ ಆಗಿ ಬೆಳೆದರು. ಅವರನ್ನು ಕಾಪಾಡಿದ ಅಂಶಗಳಲ್ಲಿ ಮುಖ್ಯವಾದದ್ದು ಯಾವುದು? ತನ್ನನ್ನು ಇದ್ದ ಹಾಗೆಯೇ ಒಪ್ಪಿಕೊಂಡು ನಂಬಿದ ಹಿರಿಯರೊಬ್ಬರು ಅವರ ಬಾಳಿನಲ್ಲಿದ್ದರು. ಕೆಲವರಿಗೆ ಅದು ಅಜ್ಜಿ, ಕೆಲವರಿಗೆ ನೆರೆಯವರು, ಎಷ್ಟೋ ಮಂದಿಗೆ ಶಾಲೆಯ ಶಿಕ್ಷಕರು.

ಪ್ರಾಥಮಿಕ ಶಾಲೆಯ ಮಹತ್ವ ಇರುವುದೇ ಇಲ್ಲಿ. ಮನೋವೈದ್ಯರು ಪ್ರತಿ ಹಳ್ಳಿಯಲ್ಲೂ ಇರಲಾರರು. ಆದರೆ ದಿನಕ್ಕೆ ಐದಾರು ಗಂಟೆ ಮಗುವನ್ನು ಕಣ್ಣೆದುರಿಗೇ ನೋಡುವ ಮಾಷ್ಟ್ರು, ಟೀಚರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕಿಯಾಗಿದ್ದ ಮಾಳವಿಕಾ ಕಪೂರ್ ಅವರು ಭಾರತದ ಶಾಲೆಗಳಲ್ಲಿ ಮಾನಸಿಕ ಆರೋಗ್ಯ ಎಂಬ ವಿಷಯದ ಮೇಲೆಯೇ 1997ರಲ್ಲಿ ಗ್ರಂಥ ಬರೆದರು. ಶಿಕ್ಷಕರು ವೈದ್ಯರಾಗಬೇಕಿಲ್ಲ, ಗಮನಿಸುವುದು, ಕೇಳುವುದು, ಅಗತ್ಯವಿದ್ದಾಗ ಸರಿಯಾದ ಕಡೆಗೆ ದಾರಿ ತೋರಿಸುವುದು, ಇಷ್ಟು ಮಾಡಿದರೂ ದೊಡ್ಡ ಕೆಲಸವೇ.

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ. ವಂಡ್ಸೆಯಿಂದ ಹೆಚ್ಚು ದೂರವಿಲ್ಲದ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಆಟ, ನಾಟಕ, ಚಿತ್ರ, ತಿರುಗಾಟ ಇವೆಲ್ಲ ಕಲಿಕೆಯ ಭಾಗವೇ ಎಂಬುದು ಅವರ ನಿಲುವಾಗಿತ್ತು. ವಿಶ್ವ ಮಾನಸಿಕ ಆರೋಗ್ಯ ದಿನವಾಗಿ 1992ರಿಂದ ಆಚರಿಸುತ್ತಿರುವುದೂ ಇದೇ ಅಕ್ಟೋಬರ್ 10 ಎಂಬುದು ಒಂದು ಚಂದದ ಕಾಕತಾಳೀಯ. ಮುಂದೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಆರಂಭವಾಯಿತು. ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕುಳಿತು, ಕಾರ್ಡುಗಳ ಸಹಾಯದಿಂದ, ಮೆಟ್ಟಿಲು ಮೆಟ್ಟಿಲಾಗಿ ತಮ್ಮ ತಮ್ಮ ವೇಗದಲ್ಲಿ ಕಲಿಯುವ ವಿಧಾನ ಇದು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಅದರ ಗುಣದೋಷಗಳ ಚರ್ಚೆ ಬೇರೆ. ಆದರೆ 'ನೀನು ಹಿಂದೆ ಬಿದ್ದೆ' ಎಂದು ಮಗುವನ್ನು ಎಲ್ಲರೆದುರು ನಿಲ್ಲಿಸುವ ಪದ್ಧತಿಯನ್ನು ಅದು ಸಡಿಲಿಸಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ.

ಕಾನೂನೂ ಇದನ್ನೇ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಿ, ತನ್ನ ಅನಿಸಿಕೆಯನ್ನು ನಿರಾತಂಕವಾಗಿ ಹೇಳಲು ನೆರವಾಗಬೇಕು ಎಂಬುದನ್ನು 29ನೆಯ ಸೆಕ್ಷನ್ ಶಿಕ್ಷಣದ ಗುರಿಗಳಲ್ಲೇ ಸೇರಿಸಿದೆ. ಅಂದರೆ ಅಂಜಿಕೆಯಿಲ್ಲದ ತರಗತಿ ಶಿಕ್ಷಕರು ತೋರುವ ದಯೆಯಲ್ಲ, ಮಗುವಿನ ಹಕ್ಕು.

ಖರ್ಚಿಲ್ಲದೆ ಶಾಲೆ ಮಾಡಬಹುದಾದ ಕೆಲಸಗಳು ಎಷ್ಟೋ ಇವೆ. ಬೆಳಿಗ್ಗೆ ಬಾಗಿಲಲ್ಲಿ ಪ್ರತಿ ಮಗುವನ್ನೂ ಹೆಸರು ಹಿಡಿದು ಮಾತಾಡಿಸುವುದು. ಮಳೆಗಾಲದಲ್ಲಿ ಒಣ ಬಟ್ಟೆಯ ಒಂದು ಗಂಟು ಶಾಲೆಯಲ್ಲೇ ಇಟ್ಟುಕೊಳ್ಳುವುದು. ಒಂದನೆಯ ತರಗತಿಯವರು ಮನೆಮಾತಿನಲ್ಲಿ ಉತ್ತರ ಹೇಳಿದರೆ ಅದನ್ನು ಸ್ವೀಕರಿಸಿ, ಅದೇ ಉತ್ತರವನ್ನು ಪುಸ್ತಕದ ಕನ್ನಡದಲ್ಲಿ ನಗುನಗುತ್ತ ಹೇಳಿಕೊಡುವುದು. ಅಂಕಗಳನ್ನು ಗಟ್ಟಿಯಾಗಿ ಓದದಿರುವುದು. ವಾರಕ್ಕೊಮ್ಮೆ ಎಲ್ಲರೂ ವೃತ್ತಾಕಾರವಾಗಿ ಕುಳಿತು 'ಈ ವಾರ ಯಾವುದು ಖುಷಿ ಕೊಟ್ಟಿತು, ಯಾವುದು ಬೇಸರ ತಂದಿತು' ಎಂದು ಹೇಳಿಕೊಳ್ಳುವುದು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸದಿರುವುದು. ಬಿಸಿಯೂಟದ ಸಾಲಿನಲ್ಲಿ ಒಂಟಿಯಾಗಿ ಕುಳಿತ ಮಗುವಿನ ಪಕ್ಕದಲ್ಲಿ ಶಿಕ್ಷಕರೇ ಒಂದು ದಿನ ತಟ್ಟೆ ಹಿಡಿದು ಕುಳಿತುಕೊಳ್ಳುವುದು.

ಮಕ್ಕಳ ಮಾತು ಪಂಚಾಯಿತಿಗೆ ತಲುಪಿದ್ದು

ಸಮಾಧಾನದ ಮಾತು ಎಷ್ಟು ಹೇಳಿದರೂ ಮುರಿದ ಕಾಲುಸಂಕ ಗಟ್ಟಿಯಾಗುವುದಿಲ್ಲ. ಭಯದ ಕಾರಣ ಹೊರಗಿದ್ದರೆ ಹೊರಗನ್ನೇ ಸರಿಪಡಿಸಬೇಕು. ಈ ವಿಷಯದಲ್ಲಿ ಕುಂದಾಪುರ ತಾಲ್ಲೂಕಿಗೆ ವಿಶೇಷವಾದ ಇತಿಹಾಸವೇ ಇದೆ.

ಮಕ್ಕಳ ಅಭಿಪ್ರಾಯಕ್ಕೆ ಮನ್ನಣೆ ಸಿಗಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಭಾರತ ಇದನ್ನು 1992ರಲ್ಲಿ ಒಪ್ಪಿಕೊಂಡಿತು. ದುಡಿಯುವ ಮಕ್ಕಳಿಗಾಗಿ ಕೆಲಸ ಮಾಡುತ್ತಿದ್ದ, ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಎಂಬ ಬೆಂಗಳೂರಿನ ಸಂಸ್ಥೆ ಕುಂದಾಪುರ ತಾಲ್ಲೂಕಿನಲ್ಲೂ ನೆಲೆಯೂರಿತು. ಕನ್ಯಾನದ 'ನಮ್ಮ ಭೂಮಿ' ಅದರ ಕೇಂದ್ರ. ದುಡಿಯುವ ಮಕ್ಕಳೇ ಕಟ್ಟಿಕೊಂಡ 'ಭೀಮ ಸಂಘ' 1990ರಲ್ಲಿ ಹುಟ್ಟಿತು. 1990ರ ದಶಕದ ನಡುವಿನಲ್ಲಿ ಈ ತಾಲ್ಲೂಕಿನ ಹಳ್ಳಿಗಳಲ್ಲಿ 'ಮಕ್ಕಳ ಪಂಚಾಯಿತಿ'ಗಳು ಆರಂಭವಾದವು. ಮಕ್ಕಳೇ ಮಕ್ಕಳನ್ನು ಆರಿಸಿದರು. ತಮ್ಮ ಕಷ್ಟಗಳನ್ನು ತಾವೇ ಎಣಿಸಿ, ಪಟ್ಟಿ ಮಾಡಿ, ದೊಡ್ಡವರ ಪಂಚಾಯಿತಿಯ ಮುಂದೆ ಇಟ್ಟರು. 2000ದ ದಶಕದ ಆರಂಭದಲ್ಲಿ ತಮ್ಮ ಊರುಗಳಿಗಾಗಿ ಐದು ವರ್ಷದ ಯೋಜನೆಗಳನ್ನು ರೂಪಿಸುವ ಕೆಲಸದಲ್ಲೂ ಪಾಲುಗೊಂಡರು.

ಆ ಮಕ್ಕಳು ಎತ್ತಿದ ಬೇಡಿಕೆಗಳಲ್ಲಿ ಕಾಲುಸಂಕವೂ ಒಂದು ಎಂಬುದು ಅರ್ಥಪೂರ್ಣ. ದೊಡ್ಡವರಿಗೆ ರಸ್ತೆ, ಕಟ್ಟಡ ಕಾಣುತ್ತವೆ. ಒಂದು ಪುಟ್ಟ ತೋಡು ಯಾರನ್ನು ಎಷ್ಟು ದಿನ ಮನೆಯಲ್ಲೇ ಕೂರಿಸುತ್ತದೆ ಎಂಬುದು ಅದನ್ನು ದಾಟುವವರಿಗಷ್ಟೇ ಗೊತ್ತು. ಈ ಪ್ರಯೋಗದ ಅನುಭವ ವ್ಯರ್ಥವಾಗಲಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಕರ್ನಾಟಕ ಸರ್ಕಾರ 2006ರಲ್ಲಿ ಸೂಚನೆ ನೀಡಿತು.

ಹಾಗಿದ್ದೂ 2022ರಂಥ ದುರಂತ ನಡೆಯಿತಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಭೆ ನಡೆಸುವುದು ಸುಲಭ, ಸಭೆಯಲ್ಲಿ ಮಗು ಹೇಳಿದ ಮಾತನ್ನು ಮುಂದಿನ ಮಳೆಗಾಲದೊಳಗೆ ಕೆಲಸವಾಗಿ ಮಾಡುವುದು ಕಷ್ಟ. ಆದರೆ ಮಾತಿಗೆ ಫಲ ಸಿಕ್ಕಾಗ ಎರಡು ಲಾಭವಿದೆ. ಸೇತುವೆ ಒಂದು ಲಾಭ. 'ನಾನು ಹೇಳಿದೆ, ಹಿರಿಯರು ಕೇಳಿದರು' ಎಂಬ ನಂಬಿಕೆ ಇನ್ನೊಂದು. ಈ ಎರಡನೆಯದು ಜೀವಮಾನವಿಡೀ ಮಗುವಿನ ಜೊತೆ ಉಳಿಯುತ್ತದೆ.

ದುಃಖದ ಹೊತ್ತಿನಲ್ಲಿ

ತರಗತಿಯ ಒಂದು ಮಗುವೋ, ಒಬ್ಬ ಮಗುವಿನ ತಾಯಿಯೋ ತಂದೆಯೋ ತೀರಿಕೊಂಡಾಗ ಉಳಿದ ಮಕ್ಕಳಿಗೆ ಏನು ಹೇಳಬೇಕು? 'ಮಲಗಿದ್ದಾಳೆ', 'ದೂರದೂರಿಗೆ ಹೋಗಿದ್ದಾಳೆ' ಎಂದು ನಾವು ಹೇಳಿಬಿಡುತ್ತೇವೆ. ಸಾವು ಎಂದರೆ ಮರಳಿ ಬಾರದಿರುವುದು ಎಂಬ ಅರಿವು ಐದಾರು ವರ್ಷದ ಮಕ್ಕಳಲ್ಲಿ ಇನ್ನೂ ಪೂರ್ತಿ ಮೂಡಿರುವುದಿಲ್ಲ. ಒಂಬತ್ತು, ಹತ್ತರ ಹೊತ್ತಿಗೆ ಸಾಮಾನ್ಯವಾಗಿ ಮೂಡಿರುತ್ತದೆ. 'ಮಲಗಿದ್ದಾಳೆ' ಎಂದು ಕೇಳಿದ ಪುಟ್ಟ ಮಗು ತಾನೇ ಮಲಗಲು ಹೆದರಬಹುದು. ಆದ್ದರಿಂದ ಸತ್ಯವನ್ನೇ ಸರಳವಾದ, ಮೃದುವಾದ ಮಾತಿನಲ್ಲಿ ಹೇಳುವುದು ಒಳ್ಳೆಯದು. 'ನಾನು ಅವಳ ಜೊತೆ ಜಗಳವಾಡಿದ್ದಕ್ಕೆ ಹೀಗಾಯಿತೇ' ಎಂದು ಕೆಲವು ಮಕ್ಕಳು ಒಳಗೊಳಗೇ ಕೊರಗುತ್ತಾರೆ. ನಿನ್ನಿಂದ ಆದದ್ದಲ್ಲ ಎಂದು ಅವರಿಗೆ ಬಾಯಿಬಿಟ್ಟು ಹೇಳಬೇಕು. ಅಳಲು ಬಿಡಬೇಕು, ಚಿತ್ರ ಬರೆಯಲು ಬಿಡಬೇಕು, ಆಡತೊಡಗಿದರೆ ಆಡಲೂ ಬಿಡಬೇಕು. ಶಾಲೆಯ ದಿನಚರಿ ಎಂದಿನಂತೆ ನಡೆಯುವುದೇ ಅವರಿಗೆ ಊರುಗೋಲು.

ಇಲ್ಲಿ ನಮ್ಮ ವೃತ್ತಿಯವರಿಗೂ ಒಂದು ಮಾತು ಅನ್ವಯಿಸುತ್ತದೆ. ದುಃಖದಲ್ಲಿರುವ ಮಗುವಿನ ಮುಂದೆ ಮೈಕು ಹಿಡಿದು 'ನಿನಗೆ ಏನನಿಸುತ್ತಿದೆ' ಎಂದು ಕೇಳಕೂಡದು. ಟೆಲಿವಿಷನ್ ಧ್ವನಿಮುದ್ರಣದಲ್ಲಿ ಮಕ್ಕಳೊಡನೆ ಕೆಲಸ ಮಾಡುವವರು ಕ್ಯಾಮೆರಾವನ್ನು ಅವರ ಕಣ್ಣಿನ ಎತ್ತರಕ್ಕೆ ಇಳಿಸುತ್ತಾರೆ, ತಾವೂ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಮಗು ಮಾತಾಡುವುದು ಮೇಲಿನಿಂದ ಬಂದ ಪ್ರಶ್ನೆಗಲ್ಲ, ಎದುರಿಗೆ ಕುಳಿತವರಿಗೆ. ಮನೆಯಲ್ಲೂ ಶಾಲೆಯಲ್ಲೂ ಈ ನಿಯಮ ಒಂದೇ.

ಯಾವಾಗ ತಜ್ಞರ ನೆರವು ಬೇಕು?

ಮೊದಲ ಕೆಲವು ದಿನ ಶಾಲೆಗೆ ಹೋಗಲು ಅಳುವುದು ಸಹಜ. ಆದರೆ ಬದಲಾವಣೆ ಎರಡು ಮೂರು ವಾರ ದಾಟಿದರೂ ಹೋಗದಿದ್ದರೆ, ಹಿಂದೆ ಕಲಿತದ್ದನ್ನು ಮಗು ಮರೆಯುತ್ತ ಬಂದರೆ, ಊಟ ನಿದ್ದೆ ಕೆಟ್ಟರೆ, ಆಟವನ್ನೇ ಬಿಟ್ಟರೆ, ತನಗೆ ತಾನೇ ನೋವು ಮಾಡಿಕೊಂಡರೆ ಅಥವಾ 'ನಾನು ಸಾಯಬೇಕು' ಎಂದರೆ ತಡಮಾಡಬಾರದು. ಹೊಟ್ಟೆನೋವೇ ಇದ್ದರೂ ಮೊದಲು ಸಾಮಾನ್ಯ ವೈದ್ಯರಿಗೆ ತೋರಿಸಿ ಶರೀರದ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು; ಎಲ್ಲ ನೋವೂ ಮನಸ್ಸಿನದೆಂದು ತಿಳಿಯುವುದೂ ತಪ್ಪೇ.

ಹಳ್ಳಿಯವರಿಗೆ ಇದೆಲ್ಲ ದೂರದ ಮಾತು ಎಂಬ ಕಾಲ ಈಗಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಉಡುಪಿಯ ಜಿಲ್ಲಾ ಆಸ್ಪತ್ರೆ ಮತ್ತು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ವಂಡ್ಸೆಯವರಿಗೆ ಒಂದು ದಿನದಲ್ಲಿ ಹೋಗಿಬರುವಷ್ಟು ದೂರ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮನಸ್' ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವೊಂದು ಅಪಾಯದಲ್ಲಿದೆ ಎಂದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಯಾರೋ ಕೆಟ್ಟದಾಗಿ ಮುಟ್ಟಿದರು ಎಂದು ಮಗು ಹೇಳಿದರೆ ಅದನ್ನು ನಂಬಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ, ಬಯ್ಯಬೇಡಿ. ಮಗುವಿಗೆ ಭದ್ರವಾಗಿರುವ ಹಿರಿಯರೊಬ್ಬರಿಗೆ ಕೂಡಲೇ ತಿಳಿಸಿ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಇಂಥದ್ದನ್ನು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು.

ನೀವು ಮಾಡಬಹುದಾದದ್ದು

ನೀವು ಶಿಕ್ಷಕರಲ್ಲ, ವೈದ್ಯರೂ ಅಲ್ಲ. ಆದರೆ ಪುಟ್ಟ ಮಕ್ಕಳು ದೊಡ್ಡವರಿಗಿಂತ ಮೊದಲು ಮನಸ್ಸು ಬಿಚ್ಚುವುದು ಅಣ್ಣನ ಹತ್ತಿರ, ಅಕ್ಕನ ಹತ್ತಿರ. ಆದ್ದರಿಂದ ನಿಮ್ಮ ಸ್ಥಾನ ಚಿಕ್ಕದಲ್ಲ.

ತಮ್ಮನೋ ತಂಗಿಯೋ ಶಾಲೆಗೆ ಹೋಗುವುದಿಲ್ಲವೆಂದರೆ 'ಏಕೆ' ಎಂದು ಕೇಳಬೇಡಿ. 'ಏಕೆ' ಎಂಬುದು ಮಗುವಿನ ಕಿವಿಗೆ ಆರೋಪದಂತೆ ಕೇಳುತ್ತದೆ. ಬದಲಿಗೆ 'ಶಾಲೆಯಲ್ಲಿ ಯಾವ ಹೊತ್ತು ಎಲ್ಲಕ್ಕಿಂತ ಕಷ್ಟ?' ಎಂದು ಕೇಳಿ ನೋಡಿ. ದಾರಿಯೋ, ಗಣಿತದ ಪೀರಿಯಡ್ಡೋ, ಊಟದ ಹೊತ್ತೋ, ಶೌಚಾಲಯವೋ, ಉತ್ತರ ಅಲ್ಲಿಂದ ಹೊರಡುತ್ತದೆ. ಅದರ ಜೊತೆಯಲ್ಲಿ ಒಂದು ವಾರ ನಡೆದುಹೋಗಿ. ದಾರಿಯಲ್ಲಿ ನೀವು ಕಾಣುವುದನ್ನು ಯಾವ ಪುಸ್ತಕವೂ ನಿಮಗೆ ಹೇಳದು. ಹೆದರಿಕೆಯನ್ನು ಕೇಳಿ ನಗಬೇಡಿ. 'ಗಂಡುಮಕ್ಕಳು ಹೆದರಬಾರದು' ಎನ್ನಬೇಡಿ. ತರಗತಿಯಲ್ಲಿ ಅಣಕಿಸುವ ಗುಂಪಿನಲ್ಲಿ ನಿಮ್ಮ ತಮ್ಮನೇ ಇದ್ದರೆ ಅವನನ್ನೂ ಕರೆದು ಕೂರಿಸಿ ಮಾತಾಡಿ; ಅಣಕಿಸುವ ಮಗುವಿನ ಹಿಂದೆಯೂ ಒಂದು ಕಾರಣ ಇರುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಎಂದು ನಡೆಯುತ್ತದೆ ಎಂದು ವಿಚಾರಿಸಿ. ಚಿಕ್ಕ ಮಕ್ಕಳ ಕಷ್ಟಗಳನ್ನು ಅವರ ಮಾತಿನಲ್ಲೇ ಬರೆದುಕೊಂಡು ಹೋಗಲು ನೆರವಾಗಿ. ಮುಂದಿನ ವರ್ಷ ಅದೇ ಪಟ್ಟಿಯನ್ನು ಹಿಡಿದು ಎಷ್ಟು ಆಯಿತು, ಎಷ್ಟು ಉಳಿಯಿತು ಎಂದು ಕೇಳಿ.

ನಾಳೆ ನಿಮ್ಮಲ್ಲಿ ಕೆಲವರು ಶಿಕ್ಷಕರಾಗುತ್ತೀರಿ, ಕೆಲವರು ಪಂಚಾಯಿತಿಯ ಸದಸ್ಯರಾಗುತ್ತೀರಿ, ಬಹುತೇಕರು ತಂದೆತಾಯಿಯರಾಗುತ್ತೀರಿ. ಆಗ ಮಗುವೊಂದು ಹೊಟ್ಟೆ ಹಿಡಿದುಕೊಂಡು ನಿಂತರೆ ಓಮದ ನೀರು ಕೊಡಿ, ತಪ್ಪಿಲ್ಲ. ಆದರೆ ಅದನ್ನು ಕುಡಿಸುವಾಗ ಪಕ್ಕದಲ್ಲಿ ಕುಳಿತು 'ಎಂತ ಆಯ್ತ್ ಮಗಾ?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಸಿಕ್ಕ ಉತ್ತರ ಕಾಲುಸಂಕದ್ದಾದರೆ ಪಂಚಾಯಿತಿಗೆ ಹೋಗಿ. ಪೆಟ್ಟಿನದಾದರೆ ಶಾಲೆಗೆ ಹೋಗಿ. ಎರಡೂ ಅಲ್ಲದೆ ಮಗು ಬಾಡುತ್ತಲೇ ಇದ್ದರೆ ವೈದ್ಯರ ಬಳಿಗೆ ಹೋಗಿ.